ತ್ರಿಶಲಾಳ ಲಾಗಿನ್ ಯಾಕೆ ತಡವಾಗುತ್ತಿತ್ತು

"ಮಾವಶಿ, ಲಾಗಿನ್ ಆಗವಲ್ದ್ರಿ."

ನನ್ನ ನೌಕರಿಯ ಅರ್ಧ ಆಯುಷ್ಯ ಈ ಒಂದು ಮಾತು ಕೇಳುವುದರಲ್ಲೇ ಕಳೆಯಿತು. ನಮ್ಮದು ಪತ್ತಿನ ಸಹಕಾರಿ ಸಂಘ. ಮುಖ್ಯ ಕಚೇರಿ ಚಿಕ್ಕೋಡಿಯಲ್ಲಿ, ಶಾಖೆಗಳು ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಲ್ಲಿ. ಇಷ್ಟೂ ಊರಿನ ಕಂಪ್ಯೂಟರುಗಳಿಗೆ ವಾರಸುದಾರಳು ನಾನೊಬ್ಬಳೇ. ಸೇರಿದ್ದು ಟೈಪಿಸ್ಟ್ ಆಗಿ. ಟೈಪ್‌ರೈಟರು ಮೂಲೆಗೆ ಹೋಗಿ ಕಂಪ್ಯೂಟರು ಬಂದ ದಿನ, "ಈಕಿಗೆ ಹೆಂಗೂ ಬಟನ್ ಒತ್ತಾಕ ಬರತೈತಿ" ಎಂದು ನನ್ನನ್ನು ಅದಕ್ಕೆ ಕಟ್ಟಿಬಿಟ್ಟರು. ಅಂದಿನಿಂದ ನನ್ನ ಚೀಲದಲ್ಲಿ ರೊಟ್ಟಿ ಡಬ್ಬಿಯ ಪಕ್ಕದಲ್ಲೇ ವಾಯರು ಕತ್ತರಿಸುವ ಇಕ್ಕಳ, ಸ್ಕ್ರೂಡ್ರೈವರು. ಶಕುಂತಲಾ ಎಂಬ ನನ್ನ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು. ಉಳಿದವರಿಗೆಲ್ಲ ನಾನು ಮಾವಶಿ, ಅಂದರೆ ಚಿಕ್ಕಮ್ಮ.

ಈಗ ಈ ಕೆಲಸಕ್ಕೆ ಸೇರುವ ಹುಡುಗರು ನಮ್ಮ ಮನೆಗೆ ಬಂದು, "ನಿಮ್ಮ ಕಾಲದಾಗ ಹೆಂಗಿತ್ರಿ?" ಎಂದು ಕೇಳುತ್ತಾರೆ. ನಾನು ಏನೋ ಗವಿಯಿಂದ ಎದ್ದು ಬಂದ ಹಾಗೆ! ನಿವೃತ್ತಿಯಾದದ್ದು ನಿನ್ನೆ ಮೊನ್ನೆಯ ಮಾತು. ಇರಲಿ, ಕೇಳಿದ್ದೀರಿ, ಹೇಳುತ್ತೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಶಾಲು ಯಾರು ಹೊದಿಸಿದರು ಎಂಬುದನ್ನು ಹೇಳುವುದಿಲ್ಲ. ಅಥಣಿಯ ತ್ರಿಶಲಾಳ ಲಾಗಿನ್ ಯಾಕೆ ತಡವಾಗುತ್ತಿತ್ತು ಎಂಬುದನ್ನು ಹೇಳುತ್ತೇನೆ. ಈ ಕೆಲಸದಲ್ಲಿ ಕಲಿಯಬೇಕಾದದ್ದೆಲ್ಲ ಅದರಲ್ಲೇ ಇದೆ.

ಅಥಣಿ ಶಾಖೆಯ ವ್ಯವಸ್ಥಾಪಕರು ಜಿನಗೌಡರು. ಬಿಳಿ ಟೋಪಿ, ಇಸ್ತ್ರಿ ಮಾಡಿದ ಅಂಗಿ, ಮೂಗಿನ ತುದಿಯಲ್ಲಿ ಸಿಟ್ಟು. ಶಿಸ್ತು ಎಂದರೆ ಪ್ರಾಣ. ನೌಕರರು ತಡವಾಗಿ ಬಂದು ಹಾಜರಿ ಪುಸ್ತಕದಲ್ಲಿ ಬೇಗ ಬಂದೆ ಎಂದು ಬರೆಯುತ್ತಾರೆಂದು ಅವರಿಗೆ ಗುಮಾನಿ. ಅದಕ್ಕೆ ಆಡಳಿತ ಮಂಡಳಿಯ ಮುಂದೆ ಹೊಸದೊಂದು ಉಪಾಯ ಇಟ್ಟರು: ಬೆಳಗ್ಗೆ ಕಂಪ್ಯೂಟರಿನಲ್ಲಿ ಯಾರ ಲಾಗಿನ್ ಯಾವಾಗ ತೆರೆಯುತ್ತದೋ ಅದೇ ಅವರ ಹಾಜರಿ. ಮನುಷ್ಯ ಸುಳ್ಳು ಹೇಳಿಯಾನು, ಯಂತ್ರ ಹೇಳುವುದಿಲ್ಲ ಎಂದು ಭಾಷಣ ಮಾಡಿದರು. ಮಂಡಳಿ ಚಪ್ಪಾಳೆ ತಟ್ಟಿತು. ವ್ಯವಸ್ಥಾಪಕರಿಗೆ ಮಾತ್ರ ಈ ಹಾಜರಿ ಇರಲಿಲ್ಲ ಅನ್ನಿ.

ತ್ರಿಶಲಾ ಆ ಶಾಖೆಯ ಹೊಸ ಗುಮಾಸ್ತೆ, ಇನ್ನೂ ಕಾಯಂ ಆಗಿರದವಳು. ಕಾಗವಾಡದಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಒಂದು ದಿನ ನನಗೆ ಫೋನು ಮಾಡಿದಳು.

"ಮಾವಶಿ, ನಾ ಎಲ್ಲಾರಕಿಂತ ಮೊದಲ ಬಂದ ಕುಂದರತೀನ್ರಿ. ಲಾಗಿನ್ ಗಿರಗಿರ ತಿರಗತೈತಿ, ತಿರಗತೈತಿ, ತೆರಿವಲ್ದು. ತೆರಿಯೂದ್ರಾಗ ಎಲ್ಲಾರದೂ ಚಾ ಆಗಿರತೈತಿ. ದಿನಾ ನಂದ ಒಬ್ಬಾಕಿದ ಲೇಟ್ ಅಂತ ಬೀಳಾಕತ್ತೈತ್ರಿ."

"ಸಾಹೇಬರಿಗೆ ಹೇಳಬೇಕಿಲ್ಲವ್ವಾ?"

"ಹೇಳೀನ್ರಿ. ನೀ ಬರೂದ ತಡಾ ಅಂತಾರ. ಕಾಯಂ ಮಾಡೂ ಮೀಟಿಂಗ್ ಹತ್ರ ಬಂತ್ರಿ. ಕಾಯಂ ಆಗಲಿಲ್ಲ ಅಂದ್ರ ನೌಕರಿ ಬಿಡು, ಸಾಂಗಲಿ ಕಡೆ ಗಂಡ ನೋಡೇವಿ, ಹೂಂ ಅನ್ನು ಅಂತಾರ ಮನ್ಯಾಗ. ನನಗ ನೌಕರಿ ಬೇಕ್ರಿ ಮಾವಶಿ."

ಜಿನಗೌಡರು ಬಸದಿಯಲ್ಲಿ ಪೂಜೆ ಮುಗಿಸಿ ಕಚೇರಿಗೆ ಬರುವ ಹೊತ್ತಿಗೆ ಎಲ್ಲರೂ ಕೆಲಸದಲ್ಲಿ ಮುಳುಗಿರುತ್ತಿದ್ದರು, ಈ ಹುಡುಗಿ ಮಾತ್ರ ತಿರುಗುವ ಚಕ್ರದ ಮುಂದೆ ಕೈಕಟ್ಟಿ ಕೂತಿರುತ್ತಿದ್ದಳು. ಆಗ ತಾನೇ ಬಂದವಳ ಹಾಗೆ ಕಾಣದೆ ಇನ್ನೇನು? ಕ್ಯಾಶಿಯರ್ ಮಹಾದೇವ, "ಇಲ್ರಿ, ಅಕಿ ಮೊದಲ ಬರತಾಳ್ರಿ" ಎಂದರೆ, "ನೀವೆಲ್ಲಾ ಒಳಗೊಳಗ ಒಂದಾಗೀರಿ" ಎಂದು ಅವನಿಗೂ ಬೈಯುತ್ತಿದ್ದರು.

ಚೀಲ ಹೆಗಲಿಗೇರಿಸಿ ಅಥಣಿಗೆ ಹೊರಟೆ. ಬಸ್ಸಿನಲ್ಲೇ ರೋಗ ಗೊತ್ತಾಯಿತು ಎಂದುಕೊಂಡಿದ್ದೆ. ಯಾಕೆಂದರೆ ಹಿಂದೆ ನಿಪ್ಪಾಣಿಯಲ್ಲಿ ಒಬ್ಬ ಪುಣ್ಯಾತ್ಮ ನನ್ನನ್ನು ಹೀಗೇ ಓಡಾಡಿಸಿದ್ದ. ಅವನಿಗೆ ಸಂಜೆ ಊರಿನ ಬಸ್ಸು ತಪ್ಪುವ ಹೆದರಿಕೆ. ಕೈಗಡಿಯಾರ ಮುಂದಿಟ್ಟ. ಅದು ಕಚೇರಿಯ ಗೋಡೆ ಗಡಿಯಾರಕ್ಕೆ ಹೊಂದಲಿಲ್ಲವೆಂದು ಸ್ಟೂಲು ಹತ್ತಿ ಅದನ್ನೂ ಮುಂದಿಟ್ಟ. ಕಡೆಗೆ ಕಂಪ್ಯೂಟರಿನ ಗಡಿಯಾರವನ್ನೂ ಬಿಡಲಿಲ್ಲ. ಚಿಕ್ಕೋಡಿಯಲ್ಲಿರುವ ನಮ್ಮ ಸರ್ವರ್, ಅಂದರೆ ಎಲ್ಲ ಶಾಖೆಗಳಿಗೂ ಹಿರಿಯನಾದ ದೊಡ್ಡ ಕಂಪ್ಯೂಟರು, ಮಹಾ ಅನುಮಾನದ ಪ್ರಾಣಿ. ತನ್ನ ವೇಳೆಗೂ ಎದುರಿನವನ ವೇಳೆಗೂ ತಾಳೆಯಾಗದಿದ್ದರೆ, ಇವನ್ಯಾರೋ ಕಳ್ಳ ಎಂದು ಬಾಗಿಲಲ್ಲೇ ನಿಲ್ಲಿಸುತ್ತದೆ. ನಾನೋ, ಗೋಡೆ ನೋಡಿದರೂ ಅದೇ ವೇಳೆ, ಅವನ ಕೈ ನೋಡಿದರೂ ಅದೇ ವೇಳೆ, ಗಡಿಯಾರ ಸರಿಯಾಗಿದೆ ಎಂದುಕೊಂಡು ಬೇರೆಲ್ಲ ಬಿಚ್ಚಿ ಗುಡ್ಡೆ ಹಾಕಿದೆ. ಆಮೇಲೆ ಗೊತ್ತಾಗಿ ಬೈದರೆ, "ಎಲ್ಲಾ ಒಂದ ಟಾಯಮ್ ಇರಬೇಕಲ್ರಿ ಮಾವಶಿ!" ಎಂದು ನನಗೇ ಬುದ್ಧಿ ಹೇಳಿದ.

ಅಥಣಿಯಲ್ಲಿ ತ್ರಿಶಲಾಳ ಗಡಿಯಾರ ಸರಿಯಾಗಿತ್ತು.

ಹಾಗಾದರೆ ವಾಯರು ಎಂದುಕೊಂಡು ಮೇಜಿನ ಕೆಳಗೆ ನುಗ್ಗಿದೆ. ಅದಕ್ಕೂ ಕಾರಣವಿತ್ತು. ರಾಯಬಾಗ ಶಾಖೆಯಲ್ಲೊಮ್ಮೆ ದಸರೆಯ ಖಂಡೇ ಪೂಜೆಗೆಂದು, ಅಂದರೆ ಆಯುಧ ಪೂಜೆಗೆಂದು, ಎಲ್ಲ ಕಂಪ್ಯೂಟರುಗಳ ವಾಯರು ಕಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿದ್ದರು. ಮರುದಿನ ಒಬ್ಬರ ಲಾಗಿನ್ನೂ ಇಲ್ಲ. ನಾನು ಹೋಗಿ ನೋಡಿದರೆ, ವಾಯರುಗಳೆಲ್ಲ ಬಂದು ಸೇರುವ ಪೆಟ್ಟಿಗೆಯಲ್ಲಿ ಒಂದೇ ವಾಯರಿನ ಎರಡೂ ತುದಿ ಸಿಕ್ಕಿಸಿವೆ. ಇಲ್ಲಿಂದ ಹೊರಟ ಸುದ್ದಿ ತಿರುಗಿ ಇಲ್ಲಿಗೇ ಬರುತ್ತದೆ, ಮತ್ತೆ ಹೊರಡುತ್ತದೆ, ಮತ್ತೆ ಬರುತ್ತದೆ. ಕಚೇರಿಯೆಲ್ಲ ಉಸಿರುಕಟ್ಟಿ ಕೂತಿತ್ತು. "ಯಾರ ಮಾಡಿದ್ದು ಇದು?" ಎಂದರೆ ಸಿಪಾಯಿ ಅಭಿಮಾನದಿಂದ ಮುಂದೆ ಬಂದ: "ನಾನ ರೀ. ಒಂದ ತುದಿ ಜೋತ ಬಿದ್ದಿತ್ತು, ಪೂಜಿ ದಿನ ಛಲೋ ಕಾಣಲಿಲ್ಲ." ಕೀಳಲು ಕೈ ಹಾಕಿದೆ. "ಅಯ್ಯಯ್ಯ, ಮುಟ್ಟಬ್ಯಾಡ್ರಿ! ಇನ್ನ ಪೂಜಿ ಇಳಿಸಿಲ್ಲ!" ಎಂದು ಕಚೇರಿಗೆ ಕಚೇರಿಯೇ ಕೂಗಿತು. ತೆಂಗಿನಕಾಯಿ ತರಿಸಿ, ಒಡೆದು, ಮಂಗಳಾರತಿ ಆಗುವವರೆಗೂ ನಾನು ಇಕ್ಕಳ ಹಿಡಿದುಕೊಂಡು ಭಕ್ತಿಯಿಂದ ನಿಂತೆ. ಆಮೇಲೆ ಆ ವಾಯರು ಕಿತ್ತೆ. ಎಲ್ಲರ ಲಾಗಿನ್ನೂ ಫಟ್ಟನೆ ತೆರೆಯಿತು. ಕೀರ್ತಿಯೆಲ್ಲ ತೆಂಗಿನಕಾಯಿಗೆ ಹೋಯಿತು.

ಅಥಣಿಯಲ್ಲಿ ಅಂಥ ವಾಯರೂ ಇರಲಿಲ್ಲ. ಕಬ್ಬು ತುಂಬಿದ ಟ್ರ್ಯಾಲಿಗಳು ಬೀದಿಯ ವಾಯರನ್ನು ಎಳೆದುಕೊಂಡು ಹೋಗಿರಬಹುದೆಂದು ಕಂಬದಿಂದ ಕಂಬಕ್ಕೆ ಬಿಸಿಲಲ್ಲಿ ನಡೆದೆ. ಅದೂ ಗಟ್ಟಿಯಾಗಿತ್ತು. ತಲೆ ಕೆಟ್ಟು, ಚಿಕ್ಕೋಡಿಯಿಂದ ಹೊಸ ಕಂಪ್ಯೂಟರನ್ನೇ ತರಿಸಿ ತ್ರಿಶಲಾಳ ಮೇಜಿನ ಮೇಲಿಟ್ಟೆ. ಮರುದಿನ ಆಕೆಯ ಲಾಗಿನ್ ಹಳೆಯದರಷ್ಟೇ ತಡವಾಯಿತು.

ಜಿನಗೌಡರು ಕ್ಯಾಬಿನ್ನಿನ ಬಾಗಿಲಿಗೆ ಬಂದು ನಿಂತರು. "ಏನ್ರಿ ಬಾಯಾರ, ಯಂತ್ರ ಹೊಸಾದು, ವಾಯರ ಬರೋಬರಿ, ಗಡಿಯಾರ ಬರೋಬರಿ. ಇನ್ನ ತಪ್ಪ ಯಾರದ ಉಳೀತು?"

ತ್ರಿಶಲಾ ತಲೆ ತಗ್ಗಿಸಿದಳು. ನಾನು ಉಪಕಾರ ಮಾಡಲು ಬಂದು ಅವಳ ಮೇಲಿನ ತಪ್ಪನ್ನು ಇನ್ನಷ್ಟು ಗಟ್ಟಿ ಮಾಡಿದ್ದೆ. ನನಗೆ ಎಂಥ ಸಂಕಟವಾಯಿತೆಂದರೆ, ಆ ಹೊಸ ಕಂಪ್ಯೂಟರನ್ನು ಎತ್ತಿ ರಸ್ತೆಗೆ ಒಗೆಯಬೇಕೆನ್ನಿಸಿತು. ಮಹಾದೇವ ಪಾಪ, ಯಾರದೋ ದೃಷ್ಟಿ ತಾಗಿದೆಯೆಂದು ಲಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ಅವಳ ಮಾನಿಟರಿಗೆ ಕಟ್ಟಿದ.

ಅವನು ಕಟ್ಟುತ್ತಿರುವಾಗ, ಬೇರೇನೂ ತೋಚದೆ, ಅವಳ ಕಂಪ್ಯೂಟರಿನಲ್ಲಿ ನನ್ನ ಹೆಸರಿನಿಂದ ಲಾಗಿನ್ ಮಾಡಿದೆ. ಕಣ್ಣು ಮಿಟುಕಿಸುವುದರೊಳಗೆ ತೆರೆಯಿತು! ಮಹಾದೇವ ಲಿಂಬೆಹಣ್ಣನ್ನು ನೋಡಿ ಕೈ ಮುಗಿದ. "ಸುಮ್ನಿರಪಾ" ಎಂದು, ತ್ರಿಶಲಾಳನ್ನು ಅವನ ಕಂಪ್ಯೂಟರಿನ ಮುಂದೆ ಕೂರಿಸಿದೆ. ಚಕ್ರ ತಿರುಗಿತು, ತಿರುಗಿತು, ತೆರೆಯಲೊಲ್ಲದು. ತಡವೆಂಬುದು ಯಂತ್ರಕ್ಕಲ್ಲ, ಆ ಹುಡುಗಿಯ ಹೆಸರಿಗೇ ಅಂಟಿಕೊಂಡಿತ್ತು. ಮಕ್ಕಳೇ, ಯಂತ್ರ ಬದಲಿಸುವ ಮೊದಲು ಮನುಷ್ಯನನ್ನು ಬದಲಿಸಿ ನೋಡಿ. ಪುಕ್ಕಟೆ ಪರೀಕ್ಷೆ ಇದು. ನನಗೆ ಮೊದಲ ದಿನವೇ ಹೊಳೆಯಬೇಕಿತ್ತು.

ನಮ್ಮಲ್ಲಿ ಒಂದು ಏರ್ಪಾಡು ಇತ್ತು. ನೌಕರರನ್ನು ಇವತ್ತು ಈ ಶಾಖೆಗೆ, ನಾಳೆ ಆ ಶಾಖೆಗೆ ಕಳಿಸುತ್ತಿದ್ದರು. ಅದಕ್ಕೆ ಒಬ್ಬೊಬ್ಬರು ತಮ್ಮ ಪರದೆಯ ಮೇಲೆ ಇಟ್ಟುಕೊಂಡದ್ದೆಲ್ಲ ಸಂಜೆ ಚಿಕ್ಕೋಡಿಯ ಸರ್ವರ್‌ಗೆ ಹೋಗಿ ಕೂಡುತ್ತಿತ್ತು, ಶಾಖೆಯ ಯಂತ್ರ ಖಾಲಿಯಾಗುತ್ತಿತ್ತು. ಬೆಳಗ್ಗೆ ಎಲ್ಲಿ ಲಾಗಿನ್ ಮಾಡಿದರೆ ಅಲ್ಲಿಗೆ ಅಷ್ಟೂ ಸಾಮಾನು ವಾಯರಿನಲ್ಲಿ ತಿರುಗಿ ಬರುತ್ತಿತ್ತು. ಬಂದು ಮುಗಿಯುವವರೆಗೂ ಬಾಗಿಲು ತೆರೆಯುವುದಿಲ್ಲ. ನಾಲ್ಕು ಪತ್ರ ಇಟ್ಟವರಿಗೆ ತಡವೇನಿಲ್ಲ. ಹಾಗಾದರೆ ಈ ಹುಡುಗಿ ಏನು ಇಟ್ಟಿದ್ದಾಳೆ?

ಚಿಕ್ಕೋಡಿಗೆ ಹೋಗಿ ಸರ್ವರ್‌ನಲ್ಲಿ ಅವಳ ಕಪಾಟು ತೆಗೆದೆ. 'ಹಳೇ ನಡಾವಳಿ' ಎಂಬ ಹೆಸರಿನ ಒಂದು ಫೋಲ್ಡರು. ತೂಕ ನೋಡಿದರೆ ಇಡೀ ಸಂಘದ ಲೆಕ್ಕಪತ್ರವೂ ಅಷ್ಟಿಲ್ಲ! ತೆರೆದೆ. ಒಳಗೆ ನಡಾವಳಿಯೂ ಇಲ್ಲ, ಮಣ್ಣೂ ಇಲ್ಲ. ಎತ್ತುಗಳು! ಒಂದರ ಹಿಂದೊಂದು ವಿಡಿಯೋ, ಎಲ್ಲ ಗಾಡಿ ಶರ್ಯತ್ತಿನವು, ಅಂದರೆ ಓಟದ ಪಂದ್ಯದವು. ಧೂಳೆಬ್ಬಿಸಿ ಓಡುವ ಜೋಡೆತ್ತು, ಹಿಂದೆ ಬೈಕುಗಳ ದಂಡು, ಹೋ ಎಂಬ ಕೂಗು. ಒಂದರಲ್ಲಿ ಗೆದ್ದ ಎತ್ತಿನ ಕೊರಳು ತಬ್ಬಿಕೊಂಡು, ಟೋಪಿ ಗಾಳಿಗೆ ತೂರಿ, ಗುಲಾಲು ಮೆತ್ತಿಕೊಂಡು ಕುಣಿಯುವ ಮನುಷ್ಯನೊಬ್ಬ. ವಿಡಿಯೋ ನಿಲ್ಲಿಸಿ ಕನ್ನಡಕ ಒರೆಸಿಕೊಂಡು ನೋಡಿದೆ. ಜಿನಗೌಡರು!

ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆ. ಆಮೇಲೆ ತ್ರಿಶಲಾಳಿಗೆ ಫೋನು ಹಚ್ಚಿದೆ.

"ಏನವ್ವಾ, ನಿನ್ನ ಹೆಸರಿನ್ಯಾಗ ಎತ್ತ ಕಟ್ಟೀಯಲ್ಲ, ಯಾರವು?"

"ಅದರಿಂದ ತಡಾ ಆಗೂದೇನ್ರಿ?" ಎಂದಳು. ನಿಜಕ್ಕೂ ಅವಳಿಗೆ ಗೊತ್ತಿರಲಿಲ್ಲ.

"ಅದರಿಂದ ಅಲ್ಲದ ಮತ್ಯಾತರಿಂದ? ಗೌಡ್ರ ಎತ್ತ ಹೌದಿಲ್ಲೋ? ಈಗ ಅಳಸತೀನಿ ನೋಡು."

"ಬ್ಯಾಡ್ರಿ ಮಾವಶಿ! ನಿಮ್ಮ ಕಾಲ ಬೀಳತೀನಿ, ಅಳಸಬ್ಯಾಡ್ರಿ!" ಹುಡುಗಿ ಅತ್ತೇಬಿಟ್ಟಳು. ಅಳುತ್ತಲೇ ಹೇಳಿದಳು. ಗೌಡರ ಎತ್ತಿನ ಹೆಸರು ಸರ್ಜಾ. ಒಂದು ಶರ್ಯತ್ತಿನಲ್ಲಿ ಕಾಲು ಮುರಿದು ಬಿದ್ದು ಸತ್ತಿತು. ಗೌಡರು ಊಟ ಬಿಟ್ಟು ಮಲಗಿದರು. ಆ ಚಾತುರ್ಮಾಸದಲ್ಲಿ ಊರಿಗೆ ಬಂದಿದ್ದ ಮುನಿ ಮಹಾರಾಜರ ಮುಂದೆ, ಇನ್ನು ಜೀವ ಇರುವ ತನಕ ಶರ್ಯತ್ತು ಕಣ್ಣೆತ್ತಿ ನೋಡುವುದಿಲ್ಲವೆಂದು ನಿಯಮ ತೆಗೆದುಕೊಂಡರು. ಆದರೆ ಸರ್ಜಾನ ವಿಡಿಯೋ ಕೈಯಾರೆ ಅಳಿಸಲು ಆಗಲಿಲ್ಲ. ಮನೆಯಲ್ಲಿಟ್ಟರೆ ಒಂದಲ್ಲ ಒಂದು ದಿನ ನೋಡಿಬಿಡುತ್ತೇನೆಂಬ ಹೆದರಿಕೆ. ಕಚೇರಿಯಲ್ಲಿ ಸ್ವಂತದ್ದೇನೂ ಇಡಬಾರದೆಂದು ಗೋಡೆಗೆ ಫಲಕ ಹಚ್ಚಿದವರು ತಾವೇ. ಕಡೆಗೆ ಅದೇ ಮಹಾರಾಜರ ದರ್ಶನಕ್ಕೆ ಬರುತ್ತಿದ್ದ ಈ ಹುಡುಗಿಯ ಕೈಗೆ ಪೆನ್‌ಡ್ರೈವ್ ಕೊಟ್ಟು, "ನೋಡೂದಿಲ್ಲಂತ ನಿಯಮ ಐತವ್ವಾ, ಇಟ್ಟಿರೂದಿಲ್ಲಂತ ಇಲ್ಲ. ನಿನ್ನ ಕಡೆ ಇರಲಿ. ಅಳಸಬ್ಯಾಡ, ಯಾರಿಗೂ ಹೇಳಬ್ಯಾಡ" ಎಂದಿದ್ದರು.

"ಅವರ ನಿನ್ನ ನೌಕರಿ ಕಳ್ಯಾಕ ನಿಂತಾರಲ್ಲ ಹುಡುಗಿ!" ಎಂದೆ.

"ಹೇಳೂದಿಲ್ಲಂತ ಮಾತ ಕೊಟ್ಟೀನ್ರಿ. ನಿಮಗ ಗೊತ್ತಾಗೇತಂತ ಹೇಳಿದೆ. ಅವರಿಗೆ ಏನೂ ಅನಬ್ಯಾಡ್ರಿ."

ನಗು ಎಲ್ಲೋ ಹೋಗಿ ಮೈಯೆಲ್ಲ ಉರಿಯಿತು. ಒಬ್ಬರಿಗೆ ನಿಯಮ, ಒಬ್ಬಳಿಗೆ ಮಾತು, ನಡುವೆ ನೌಕರಿಗೆ ನೀರು!

ಕಾಯಂ ಮಾಡುವ ಸಭೆ ಅಥಣಿ ಶಾಖೆಯ ಮಾಳಿಗೆಯ ಮೇಲೆಯೇ ಇತ್ತು. ತಾಂತ್ರಿಕ ವರದಿ ಹೇಳಲು ನನ್ನನ್ನೂ ಕರೆದಿದ್ದರು. ನಿರ್ದೇಶಕರು ಅವಲಕ್ಕಿ ತಿನ್ನುತ್ತಿರುವಾಗ ನಾನು ಕ್ಯಾಬಿನ್ನಿಗೆ ಹೋಗಿ ಬಾಗಿಲು ಮುಂದೆ ಮಾಡಿದೆ.

"ಸಾಹೇಬ್ರ, ತ್ರಿಶಲಾ ತಡಾ ಬರಾಕತ್ತಿಲ್ರಿ."

"ಮತ್ತ ಅದನ್ನ ತಂದ್ರೇನು?"

"ಅಕಿ ಲಗೂನ ಬರತಾಳ್ರಿ. ಬಂದು, ದಿನಾ ಮುಂಜಾನೆ ಚಿಕ್ಕೋಡಿಯಿಂದ ಅಥಣಿಗೆ ಎತ್ತ ಹೊಡಕೊಂಡ ಬರತಾಳ. ವಾಯರಿನ್ಯಾಗ. ಸಂಜಿಕ ಮತ್ತ ಚಿಕ್ಕೋಡಿಗೆ ಹೊಡಕೊಂಡ ಹೋಗಿ ಕಟ್ಟತಾಳ. ಅದಕ್ಕ ತಡಾ ಆಗತೈತಿ."

ಗೌಡರ ಮುಖ ಬಿಳಿಚಿತು. ಬಾಗಿಲ ಕಡೆ ಒಮ್ಮೆ ನೋಡಿ, "ಅಕಿ ಹೇಳಿದಳೇನು?" ಎಂದರು.

"ಹೇಳಿದ್ರ ನಾ ಇಷ್ಟ ದಿನ ಬಿಸಲಾಗ ಕಂಬಾ ಎಣಿಸಿಕೋತ ಯಾಕ ತಿರಗತಿದ್ದೆ? ನಾನ ಹುಡುಕಿ ತಗದೀನಿ. ಅಕಿ, ನನ್ನ ನೌಕರಿ ಹೋದ್ರ ಹೋಗಲಿ, ಅಳಸಬ್ಯಾಡ್ರಿ ಅಂತ ಅಳಾಕತ್ತಾಳ. ಎತ್ತ ಬೇರೆ ಡಿಸ್ಕಿಗೆ ಹಾಕಿ ನನ್ನ ಮನ್ಯಾಗ ಇಟ್ಕೋತೀನಿ, ಚಿಂತಿ ಬ್ಯಾಡ. ಹುಡುಗಿಗೆ ಏನ್ ಮಾಡತೀರಿ, ಅದನ್ನ ಹೇಳ್ರಿ."

ಅವರು ಟೋಪಿ ಸರಿಮಾಡಿಕೊಂಡು ಮೆಟ್ಟಿಲು ಹತ್ತಿ ಹೋದರು. ಈ ಮನುಷ್ಯ ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡರೆ ಹುಡುಗಿಯ ಕತೆ ಮುಗಿದ ಹಾಗೆಯೇ.

ಸಭೆಯಲ್ಲಿ ತ್ರಿಶಲಾಳ ಹೆಸರು ಬಂತು. ಅವಳನ್ನು ಕರೆದು ಬಾಗಿಲ ಬಳಿ ನಿಲ್ಲಿಸಿದರು. ಅಧ್ಯಕ್ಷರು ಹಾಜರಿ ನೋಡಿ ಹುಬ್ಬು ಗಂಟಿಕ್ಕಿದರು. "ಏನ್ರಿ ಇದು, ದಿನಾ ಲೇಟು? ಇಂಥವರನ್ನ ಕಾಯಂ ಮಾಡಿ ಏನ್ ಮಾಡೂದ್ರಿ ಗೌಡ್ರ?"

ಜಿನಗೌಡರು ಎದ್ದು ನಿಂತರು. "ಅಧ್ಯಕ್ಷರ, ಅಕಿ ಲೇಟ್ ಆಗಿಲ್ರಿ. ನನ್ನ ಎತ್ತಿನಿಂದ ಲೇಟ್ ಆಗೇತಿ."

ಸಭೆಗೆ ಸಭೆಯೇ ಬಾಯಿ ತೆರೆಯಿತು. ಗೌಡರು ಎಲ್ಲ ಹೇಳಿದರು, ಗೋಡೆಯ ಫಲಕದ ಸಮೇತ. ಅಧ್ಯಕ್ಷರು ಬೈಯುತ್ತಾರೆಂದು ನಾನು ಕಾದೆ. ಅವರು ಕುರ್ಚಿಯಲ್ಲಿ ಮುಂದೆ ಬಾಗಿದರು.

"ಯಾವ ಎತ್ರಿ? ಸರ್ಜಾನ? ಅದರ ಓಟಾ ನೋಡಬೇಕಂತ ಎಷ್ಟ ಆಸೆ ಇತ್ತು, ಸಿಗಲೇ ಇಲ್ಲ. ಐತೇನು? ಹಚ್ಚವ್ವಾ, ಹಚ್ಚು!"

ಸಭೆಯ ಕಂಪ್ಯೂಟರಿಗೆ ದೊಡ್ಡ ಪರದೆ ಜೋಡಿಸಿದ್ದರು. ತ್ರಿಶಲಾ ಕೂತು ತನ್ನ ಹೆಸರು ಒತ್ತಿದಳು. ಚಕ್ರ ತಿರುಗಿತು. ನಿರ್ದೇಶಕರು ಪರದೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಚಹಾ ಬಂತು, ಕುಡಿದರು. ಚಕ್ರ ತಿರುಗುತ್ತಲೇ ಇತ್ತು. ಒಬ್ಬರು ಎಲೆ ಅಡಿಕೆ ಹಾಕಿಕೊಂಡು ಉಗುಳಿಯೂ ಬಂದರು.

"ದಿನಾ ಇಷ್ಟ ಹೊತ್ತ ಹಿಡೀತೈತೇನವ್ವಾ?" ಅಧ್ಯಕ್ಷರು ತಾಳ್ಮೆಗೆಟ್ಟು ಕೇಳಿದರು.

"ದಿನಾ ಇಷ್ಟ ರೀ."

"ಎಲಾ ಇದರ! ಅಕಿ ಹೆಸರ ಕಾಯಂ ಅಂತ ಬರಕೋರಿ. ಲೇಟ್ ಬಿದ್ದದ್ದೆಲ್ಲಾ ತಗೀರಿ. ಮತ್ತ ಆ ಲಾಗಿನ್ ಹಾಜರಿ ನಾಳಿಂದ ಬಂದ್!"

ನಾನು ಗೋಡೆಗೊರಗಿ ಕಣ್ಣೊರೆಸಿಕೊಂಡೆ. ಅಷ್ಟರಲ್ಲಿ ಚಕ್ರ ನಿಂತಿತು, ತ್ರಿಶಲಾ ವಿಡಿಯೋ ಹಚ್ಚಿದಳು. ಸರ್ಜಾ ಪರದೆಯ ಮೇಲೆ ಧೂಳೆಬ್ಬಿಸಿ ಹೊರಟಿತು. ಹಿರಿಯ ನಿರ್ದೇಶಕರೆಲ್ಲ ಕುರ್ಚಿ ಬಿಟ್ಟೆದ್ದು ಹೋ ಹೋ ಎಂದು ಕೂಗಿದರು. ಜಿನಗೌಡರು ಮಾತ್ರ ಆಗಲೇ ಪಡಸಾಲೆಗೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತಿದ್ದರು. ಅಧ್ಯಕ್ಷರು ಕರೆದರೂ, "ಇಲ್ರಿ, ನಿಯಮ ಐತಿ" ಎಂದರು. ಕಿವಿಗೆ ನಿಯಮ ಇರಲಿಲ್ಲ ಕಾಣುತ್ತದೆ. "ಈಗ ಹಳ್ಳದ ತಿರುವು... ಈಗ ನಮ್ಮ ಸರ್ಜಾ ಮುಂದಾಗತಾನ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ತ್ರಿಶಲಾ ಹೊರಗೆ ಬಂದು ಅವರ ಹಿಂದೆ ನಿಂತಳು. ಹೆಜ್ಜೆಯ ಸಪ್ಪಳಕ್ಕೆ ಯಾರೆಂದು ತಿಳಿದು, ಗೌಡರು ಗೋಡೆಗೇ ಮಾತಾಡಿದರು. "ಕಾಯಂ ಆತಲ್ಲವ್ವಾ, ಛಲೋ ಆತು. ನಾಳಿಂದ ಲಗೂನ ಬಾ." ರೂಢಿಯಂತೆ ಬಾಯಿಗೆ ಬಂದ ಮಾತು ಅದು.

"ನಾ ದಿನಾ ಲಗೂನ ಬರತಿದ್ದೆ ಅಲ್ರಿ ಸಾಹೇಬ್ರ" ಎಂದಳು ತ್ರಿಶಲಾ.

ಒಳಗೆ ಸರ್ಜಾ ಗೆಲ್ಲುತ್ತಿತ್ತು. ಗೌಡರು ತಿರುಗಿದರೆ ತೆರೆದ ಬಾಗಿಲಿನಿಂದ ಪರದೆ ಕಾಣುತ್ತಿತ್ತು. ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಅವಳ ಕಡೆ ತಿರುಗಿದರು, ಎರಡೂ ಕೈ ಜೋಡಿಸಿ ಮುಗಿದರು.